ಒಂದು ಹೊಡೆತದ ಬೆಲೆ

ಕ್ರಿಕೆಟ್ಟಿನಲ್ಲಿ ಔಟೋ ಅಲ್ಲವೋ ಎಂದು ಹೇಳಲು ಅಂಪೈರ್ ಇರುತ್ತಾರೆ. ಗಾಲ್ಫ್ ಆಟದಲ್ಲಿ ಹಾಗಲ್ಲ. ವಿಶಾಲವಾದ ಮೈದಾನದಲ್ಲಿ ಆಟಗಾರರು ಚದುರಿಹೋಗಿರುತ್ತಾರೆ. ಪ್ರತಿಯೊಬ್ಬರ ಬೆನ್ನ ಹಿಂದೆ ತೀರ್ಪುಗಾರರಿರುವುದು ಸಾಧ್ಯವಿಲ್ಲ. ಆದ್ದರಿಂದ ತಪ್ಪಾದಾಗ ಆಟಗಾರನೇ ಅದನ್ನು ತಿಳಿಸಿ, ದಂಡದ ಹೊಡೆತವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಹುಲ್ಲುಗಾವಲಿನಲ್ಲಿ. ಜನರು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಇದರಲ್ಲಿ ಮುಳುಗುತ್ತಾರೆಂದು ಅಲ್ಲಿನ ಸಂಸತ್ತು 1457ರಲ್ಲಿ ಇದನ್ನು ನಿಷೇಧಿಸಿತ್ತು! ಸೇಂಟ್ ಆ್ಯಂಡ್ರೂಸ್ ಮೈದಾನದಲ್ಲಿ 1764ರಲ್ಲಿ ಒಂದು ಸುತ್ತಿಗೆ 22ರ ಬದಲು 18 ಕುಳಿಗಳೆಂದು ಗೊತ್ತುಪಡಿಸಿದರು. ಮುಂದೆ ಅದೇ ಎಲ್ಲೆಡೆಯ ರೂಢಿಯಾಯಿತು. ಏರುತಗ್ಗು, ಮರಳುಗುಂಡಿ ಏನೇ ಇರಲಿ, ಚೆಂಡು ಬಿದ್ದ ಸ್ಥಿತಿಯಲ್ಲೇ ಅದನ್ನು ಹೊಡೆಯಬೇಕೆಂಬುದು ಮೂಲ ನಿಯಮ.

ಗುರಿ ಸರಳ: ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು 108 ಮಿಲಿಮೀಟರ್ ವ್ಯಾಸದ ಕುಳಿಗೆ ಸೇರಿಸುವುದು. ಹೊಸಬರು ಚೆಂಡನ್ನು ಕೆಳಗಿನಿಂದ ಎತ್ತಿ ಹಾರಿಸಲು ಹೋಗುತ್ತಾರೆ. ಅದು ಬೇಡ. ಕ್ಲಬ್ ಎನ್ನುವ ದಾಂಡಿನ ಮುಖವೇ ಹಿಂದಕ್ಕೆ ಓರೆಯಾಗಿರುತ್ತದೆ. ಕಬ್ಬಿಣದ ಕ್ಲಬ್ಬಿನಿಂದ ತುಸು ಕೆಳಮುಖವಾಗಿ ಹೊಡೆದರೂ ಆ ಓರೆಯಿಂದ ಚೆಂಡು ಮೇಲೇಳುತ್ತದೆ, ಹಿಮ್ಮುಖವಾಗಿ ಸುತ್ತುತ್ತದೆ. ಆ ಸುತ್ತು ಅದನ್ನು ಗಾಳಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲಿಸುತ್ತದೆ. ಚೆಂಡಿನ ಮೈಮೇಲಿನ ಸಣ್ಣ ಗುಳಿಗಳು ಗಾಳಿಯ ಎಳೆತವನ್ನು ತಗ್ಗಿಸುತ್ತವೆ. ಹಿಡಿತ ಹಗುರವಾಗಿರಲಿ, ಬರಿಯ ತೋಳಿನಿಂದಲ್ಲ, ಭುಜ ಮತ್ತು ಸೊಂಟವನ್ನು ತಿರುಗಿಸಿ ಬೀಸಿರಿ.

ದೂರ ಹೊಡೆಯುವುದೇ ಆಟವೆಂದು ಭಾವಿಸಬೇಡಿರಿ. ಒಂದು ಸುತ್ತಿಗೆ ನಿಗದಿಯಾದ 72 ಹೊಡೆತಗಳಲ್ಲಿ 36 ಹೊಡೆತಗಳು ಕುಳಿಯ ಸುತ್ತಲಿನ ನುಣುಪಾದ ಹಸಿರಿನ ಮೇಲೆ ಚೆಂಡನ್ನು ಉರುಳಿಸುವುದಕ್ಕೇ ಮೀಸಲು. ಅಂಗುಲದ ಉರುಳೂ ಒಂದು ಹೊಡೆತ, ಇನ್ನೂರು ಗಜದ ಹಾರಾಟವೂ ಒಂದು ಹೊಡೆತ.

ಆ ಒಂದು ಹೊಡೆತದ ಬೆಲೆ ಎಷ್ಟು? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನಗಳ ಆಟದ ಕೊನೆಗೆ ನಾಲ್ಕನೆಯ ಸ್ಥಾನ ಪಡೆದರು. ಪದಕ ಗೆದ್ದವರಲ್ಲಿ ಇಬ್ಬರಿಗಿಂತ ಅವರು ಹಿಂದಿದ್ದದ್ದು ಒಂದೇ ಹೊಡೆತದಿಂದ.

ಈಗ 1925ರ ಅಮೆರಿಕನ್ ಓಪನ್ ಸ್ಪರ್ಧೆಯನ್ನು ನೋಡಿರಿ. ಬಾಬಿ ಜೋನ್ಸ್ ಹುಲ್ಲಿನ ನಡುವೆ ಹೊಡೆಯಲು ಸಿದ್ಧರಾದಾಗ ಚೆಂಡು ಚೂರು ಅಲುಗಿತು. ಬೇರಾರೂ ಅದನ್ನು ಕಾಣಲಿಲ್ಲ. ಜೋನ್ಸ್ ತಾವಾಗಿಯೇ ಹೇಳಿ ಒಂದು ಹೊಡೆತದ ದಂಡ ಸೇರಿಸಿಕೊಂಡರು. ಕೊನೆಗೆ ಇಬ್ಬರ ಅಂಕ ಸಮವಾಯಿತು. ನಂತರದ ನಿರ್ಣಾಯಕ ಆಟದಲ್ಲಿ ಅವರು ಸೋತರು. ಸುಮ್ಮನಿದ್ದಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು.

ಇನ್ನು ಮುಂದೆ ದೂರದರ್ಶನದಲ್ಲಿ ಗಾಲ್ಫ್ ಕಂಡಾಗ ಚೆಂಡಿನ ಹಾರಾಟವನ್ನು ಮಾತ್ರ ನೋಡಬೇಡಿರಿ. ಸುತ್ತು ಮುಗಿದ ಮೇಲೆ ಆಟಗಾರರು ಲೆಕ್ಕದ ಚೀಟಿಗೆ ಸಹಿ ಹಾಕುವುದನ್ನೂ ಗಮನಿಸಿರಿ. ತಾನು ಆಡಿದ್ದು ಇಷ್ಟೇ ಎಂದು ಕೊಡುವ ಮಾತು ಅದು.