ಮೂತ್ರಕೋಶಕ್ಕೆ ಹಬ್ಬುವ ಕ್ಯಾನ್ಸರ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್

ಗರ್ಭಚೀಲದ ಕೊರಳಿನ ಮುಂದೆಯೇ ಮೂತ್ರಕೋಶವಿದೆ. ನಡುವೆ ಇರುವುದು ಕೊಬ್ಬು ಬೆರೆತ ಒಂದು ತೆಳು ಪದರ ಮಾತ್ರ. ಕೊರಳಿನ ಕ್ಯಾನ್ಸರ್ ಮುಂದಕ್ಕೆ ಬೆಳೆದರೆ ಮೊದಲು ಆ ಪದರವನ್ನು, ಆಮೇಲೆ ಮೂತ್ರಕೋಶದ ಸ್ನಾಯುವನ್ನು, ಕೊನೆಗೆ ಒಳಪೊರೆಯನ್ನು ಹಿಡಿಯುತ್ತದೆ. ಒಳಪೊರೆಗೆ ಮುಟ್ಟಿದ ರೋಗ 4ಎ ಹಂತದ್ದು. ಆಗ ವಿಕಿರಣ ಕೊಡುವಾಗ ಹೆಚ್ಚಿನ ಎಚ್ಚರ ಬೇಕು. ಗಡ್ಡೆ ಕರಗಿದ ಜಾಗದಲ್ಲಿ ತೂತು ಬಿದ್ದು, ಮೂತ್ರ ಯೋನಿಯ ಮೂಲಕ ಸೋರತೊಡಗಬಹುದು.

ಈ ಹಬ್ಬುವಿಕೆಯನ್ನು ಅಲ್ಟ್ರಾಸೌಂಡ್ ಬಹುಮಟ್ಟಿಗೆ ತೋರಿಸಬಲ್ಲದು. ಗರ್ಭಕೊರಳಿನ ಕ್ಯಾನ್ಸರಿನ ಹಂತ ನಿರ್ಧರಿಸಲು ಸ್ಕ್ಯಾನಿಂಗ್ ಚಿತ್ರಗಳನ್ನೂ ಬಳಸಬಹುದೆಂದು ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಿಗೊ 2018ರಲ್ಲಿ ಒಪ್ಪಿತು. ಅಳ್ನಾವರದಂಥ ಸಣ್ಣ ಊರಿನ ಮಹಿಳೆಗೆ ಇದು ಸಣ್ಣ ಮಾತಲ್ಲ. ಎಂಆರ್‌ಐಗೆ ಖರ್ಚು ಹೆಚ್ಚು. ಕ್ಯಾನ್ಸರ್ ಚಿಕಿತ್ಸೆಗೆ ಹೇಗೂ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗೆ ಹೋಗಲೇಬೇಕು. ಯಾವ ಪರೀಕ್ಷೆ ಮೊದಲು ಬೇಕೆಂದು ಸ್ಕ್ಯಾನಿಂಗ್ ಮುಂಚಿತವಾಗಿ ಹೇಳಿದರೆ ಓಡಾಟ ಎಷ್ಟೋ ಉಳಿಯುತ್ತದೆ.

ಪರೀಕ್ಷೆಯ ಹೊತ್ತಿಗೆ ಮೂತ್ರಕೋಶ ಅರ್ಧದಷ್ಟು ತುಂಬಿರಬೇಕು. ಪೂರ್ತಿ ಖಾಲಿಯಾಗಿದ್ದರೆ ಗೋಡೆ ಮಡಿಚಿಕೊಂಡು ದಪ್ಪ ಕಾಣುತ್ತದೆ, ಇಲ್ಲದ ಅನುಮಾನ ಹುಟ್ಟುತ್ತದೆ. ಹೊಟ್ಟೆಯ ಮೇಲಿಂದ ನೋಡಿದ್ದಕ್ಕಿಂತ ಯೋನಿಯ ಮೂಲಕ ನೋಡಿದಾಗ ಗೋಡೆ ಹೆಚ್ಚು ಸ್ಪಷ್ಟ. ರಕ್ತಸ್ರಾವ ಜಾಸ್ತಿಯಿದ್ದರೆ ಗುದದ್ವಾರದ ಮೂಲಕ ನೋಡುವುದೂ ಉಂಟು. ಆರೋಗ್ಯವಂತ ಗೋಡೆಯ ಸ್ನಾಯು ಕಪ್ಪು ಪಟ್ಟಿಯಂತೆ, ಅದರ ಹೊರಗಿನ ಕೊಬ್ಬು ಬಿಳಿ ಗೆರೆಯಂತೆ ಕಾಣುತ್ತದೆ. ಬಿಳಿ ಗೆರೆ ಮಾಯವಾಗುವುದು, ಕಪ್ಪು ಪಟ್ಟಿ ತುಂಡಾಗುವುದು, ಗಂಟು ಒಳಕ್ಕೆ ಚಾಚಿರುವುದು ಕ್ರಮೇಣ ಹೆಚ್ಚುವ ಸಂಶಯದ ಗುರುತುಗಳು. ಮೆಲ್ಲಗೆ ಒತ್ತಿದಾಗ ಮೂತ್ರಕೋಶ ಗರ್ಭಕೊರಳಿನ ಮೇಲೆ ಜಾರುತ್ತದೆಯೇ ಎಂಬುದನ್ನೂ ನೋಡುತ್ತಾರೆ. ನಿಂತ ಚಿತ್ರದಲ್ಲಿ ಸಿಗದ ಈ ಸುಳಿವೇ ಅಲ್ಟ್ರಾಸೌಂಡಿನ ದೊಡ್ಡ ಬಲ.

ಒಳಗೆ ಕಂಡದ್ದೆಲ್ಲ ಗಡ್ಡೆಯಲ್ಲ. ಹೆಪ್ಪುಗಟ್ಟಿದ ರಕ್ತವಾದರೆ ಮಗ್ಗುಲು ಬದಲಿಸಿದಾಗ ಸಾಮಾನ್ಯವಾಗಿ ಸರಿಯುತ್ತದೆ, ಡಾಪ್ಲರ್‌ನಲ್ಲಿ ಅದರೊಳಗೆ ರಕ್ತ ಹರಿಯುವುದು ಕಾಣದು. ಮೂತ್ರದ ಸೋಂಕು, ಹಿಂದೆ ಕೊಟ್ಟ ವಿಕಿರಣ ಕೂಡ ಗೋಡೆಯನ್ನು ದಪ್ಪಗಾಗಿಸುತ್ತವೆ. ಒಳಪೊರೆ ಬರೀ ಊದಿಕೊಂಡಿದ್ದರೆ ಅದನ್ನು 4ಎ ಎಂದು ಲೆಕ್ಕ ಹಿಡಿಯುವಂತಿಲ್ಲ. ಅನುಮಾನ ಬಂದಲ್ಲಿ ಸಿಸ್ಟೋಸ್ಕೋಪಿ, ಅಂದರೆ ಮೂತ್ರಕೋಶದೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆ, ಮಾಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು.

ಅಂಡಾಶಯದ ಕ್ಯಾನ್ಸರಿನ ದಾರಿ ಬೇರೆ. ಅದು ಹೆಚ್ಚಾಗಿ ಹೊಟ್ಟೆಯ ಪೊರೆಯ ಮೇಲೆ ಹರಡುತ್ತ ಮೂತ್ರಕೋಶದ ಹೊರಮೈಗೆ ಅಂಟುತ್ತದೆ. ಅಲ್ಲಿ ಒಳಪೊರೆ ಚೆನ್ನಾಗಿಯೇ ಇರಬಹುದು.

ಗರ್ಭಕೊರಳಿನ ಕ್ಯಾನ್ಸರಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಎರಡೂ ಮೂತ್ರಪಿಂಡಗಳನ್ನು ನೋಡದೆ ಬಿಡಬಾರದು. ಮೂತ್ರನಾಳ ಗಡ್ಡೆಗೆ ಸಿಕ್ಕಿ ಕಿಡ್ನಿ ಊದಿದ್ದರೆ, ಬೇರೆ ಕಾರಣ ಕಾಣದಿದ್ದಾಗ, ರೋಗ ಕನಿಷ್ಠ 3ಬಿ ಹಂತ ಮುಟ್ಟಿದೆ ಎಂದರ್ಥ. ಕಿಡ್ನಿ ಕೆಟ್ಟರೆ ಸಿಸ್ಪ್ಲಾಟಿನ್‌ನಂಥ ಔಷಧ ಕೊಡುವುದು ಕಷ್ಟವಾಗುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಗಡ್ಡೆಯ ಅಳತೆಯ ಜೊತೆಗೆ ಮೂತ್ರಕೋಶದ ಗೋಡೆ, ಅದರ ಜಾರುವಿಕೆ, ಕಿಡ್ನಿಗಳ ಸ್ಥಿತಿ ಮೂರನ್ನೂ ಬರೆದಿರಬೇಕು.