ಗುಟ್ಟಿರುವುದು ಬೆಣ್ಣೆಯಲ್ಲಿ: ಫ್ರೆಂಚರ ಹ್ಯಾಮ್-ಬೆಣ್ಣೆ ಸ್ಯಾಂಡ್‌ವಿಚ್

ಉದ್ದನೆಯ ಗರಿಗರಿ ಬ್ರೆಡ್ಡನ್ನು ಸೀಳಿ, ಬೆಣ್ಣೆ ಹಚ್ಚಿ, ಹಂದಿಮಾಂಸದ ಹ್ಯಾಮ್ ಪದರಗಳನ್ನಿಟ್ಟು ಮುಚ್ಚಿದರೆ ಫ್ರೆಂಚರ 'ಜಾಂಬೋಂ-ಬರ್' ಸಿದ್ಧ. ಹೆಸರಿನ ಅರ್ಥವೂ 'ಹ್ಯಾಮ್-ಬೆಣ್ಣೆ' ಎಂದಷ್ಟೇ. ಪ್ಯಾರಿಸ್ಸಿನ ಲೇ ಆಲ್ ಸಗಟು ಮಾರುಕಟ್ಟೆಯಲ್ಲಿ ದುಡಿಯುತ್ತಿದ್ದ ಕೂಲಿಕಾರರ ಆಹಾರವಾಗಿ 19ನೇ ಶತಮಾನದಲ್ಲಿ ಇದು ರೂಢಿಗೆ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. ನಿಂತಲ್ಲೇ ತಿಂದು ಮುಗಿಸಬಹುದಾದ, ಆದರೆ ಹೊಟ್ಟೆ ತುಂಬಿಸುವ ತಿನಿಸಿನ ಅಗತ್ಯವನ್ನು ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಬಳಸುವುದು ಮೂರೇ ಪದಾರ್ಥ. ಮಸಾಲೆಯಿಲ್ಲ, ಸಾಸ್ ಇಲ್ಲ. ಆದುದರಿಂದ ಒಂದು ಪದಾರ್ಥ ಕೆಟ್ಟರೂ ಅದನ್ನು ಮರೆಮಾಚಲು ಬೇರೇನೂ ಇರುವುದಿಲ್ಲ.

ಬ್ರೆಡ್ಡು ಹೇಗಿರಬೇಕು?

ಅಯ್ಯಂಗಾರ್ ಬೇಕರಿಗಳ ನಗರವಾದ ಬೆಂಗಳೂರಿಗೆ ಬ್ರೆಡ್ಡು ಹೊಸದಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರವೂ ಇದೆ. ಆದರೆ ಆರ್.ಟಿ. ನಗರ, ಯಲಹಂಕಗಳ ಬೀದಿಗಳಲ್ಲಿ ಸಿಗುವ ಮೆತ್ತನೆಯ, ತುಸು ಸಿಹಿಯಾದ ಬ್ರೆಡ್ಡು ಈ ಸ್ಯಾಂಡ್‌ವಿಚ್‌ಗೆ ಒಗ್ಗದು. ಇದಕ್ಕೆ ಬೇಕಾದದ್ದು ಬಾಗೆತ್. ಫ್ರಾನ್ಸಿನ 1993ರ ಸರ್ಕಾರಿ ಆದೇಶದ ಪ್ರಕಾರ 'ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ರಾಸಾಯನಿಕಗಳನ್ನು ಬೆರೆಸುವಂತಿಲ್ಲ, ಅದರ ಹಿಟ್ಟನ್ನು ಶೀತಲೀಕರಿಸುವಂತಿಲ್ಲ. ಗೋಧಿಹಿಟ್ಟು, ನೀರು, ಉಪ್ಪು ಮತ್ತು ಹುದುಗು, ಇವೇ ಅದರ ಮುಖ್ಯ ಘಟಕಗಳು. 2022ರಲ್ಲಿ ಯುನೆಸ್ಕೋ ಬಾಗೆತ್ ತಯಾರಿಕೆಯ ಕೌಶಲ ಮತ್ತು ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮನೆಯಲ್ಲಿ ಮಾಡುವವರು 500 ಗ್ರಾಂ ಮೈದಾ, 320 ಮಿ.ಲೀ. ನೀರು, 10 ಗ್ರಾಂ ಉಪ್ಪು, 3 ಗ್ರಾಂ ಒಣ ಯೀಸ್ಟ್ ಸೇರಿಸಿ ನಾದಬೇಕು. ಹಿಟ್ಟು ಸುಮಾರು ಇಮ್ಮಡಿಯಾಗಿ ಉಬ್ಬಿದ ಮೇಲೆ ಆರು ಭಾಗ ಮಾಡಿ, ಗೇಣುದ್ದದ ಕೋಲುಗಳಾಗಿ ಹೊಸೆದು, ಮತ್ತೆ ಮುಕ್ಕಾಲು ಗಂಟೆ ಬಿಡಬೇಕು. ಬಳಿಕ ಮೇಲ್ಭಾಗವನ್ನು ಬ್ಲೇಡಿನಿಂದ ಓರೆಯಾಗಿ ಗೀರಿ, 240 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಒಲೆಯೊಳಗೆ ಒಂದು ತಟ್ಟೆ ಕುದಿನೀರನ್ನಿಡುವುದು ಅವಶ್ಯ. ಆರಂಭದಲ್ಲಿ ಹಬೆಯಿದ್ದರೆ ಮೇಲ್ಪದರ ಬೇಗನೆ ಬಿಗಿಯದೆ ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ, ಅನಂತರ ಗರಿಗರಿಯಾಗುತ್ತದೆ.

ನಮ್ಮ ಕಡೆದ ಬೆಣ್ಣೆಯೇ ಸಮೀಪ

ಬೆಣ್ಣೆಯ ವಿಷಯದಲ್ಲಿ ಕನ್ನಡಿಗರ ಅಡುಗೆಮನೆಗೆ ಒಂದು ಅನುಕೂಲವಿದೆ. ಫ್ರಾನ್ಸಿನ ಉತ್ತಮ ಬೆಣ್ಣೆಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಂದ ಹುಳಿಸಿದ ಕೆನೆಯಿಂದ ತೆಗೆಯಲಾಗುತ್ತದೆ. ಅದರ ಪರಿಮಳಕ್ಕೆ ಈ ಹುಳಿಯೇ ಮೂಲ. ಇಲ್ಲಿನ ಪೊಟ್ಟಣದ ಬೆಣ್ಣೆ ಸಾಮಾನ್ಯವಾಗಿ ಹುಳಿಸದ ಕೆನೆಯದು. ಯಲಹಂಕದಲ್ಲಿ ಕರ್ನಾಟಕ ಹಾಲು ಮಹಾಮಂಡಲದ ಮದರ್ ಡೇರಿಯೇ ಇರುವಾಗ ಬೆಣ್ಣೆಗೆ ಬರವಿಲ್ಲ, ನಿಜ. ಆದರೆ ಹೆಪ್ಪು ಹಾಕಿ ಕಡೆದ ಮನೆಯ ಬೆಣ್ಣೆಯ ವಿಧಾನವೇ ಫ್ರೆಂಚ್ ಬೆಣ್ಣೆಗೆ ಹೆಚ್ಚು ಹತ್ತಿರವಾದುದು.

ಕಾಯಿಸಿ ಆರಿಸಿದ ಹಾಲಿನ ಕೆನೆಗೆ ಒಂದು ಚಮಚ ಮೊಸರು ಬೆರೆಸಿ, ರಾತ್ರಿಯಿಡೀ ಬಿಟ್ಟು, ತಣ್ಣಗಾಗಿಸಿ ಕಡೆಯಬೇಕು. ಬಂದ ಬೆಣ್ಣೆಯನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮಜ್ಜಿಗೆಯ ಅಂಶ ಉಳಿದರೆ ಬೆಣ್ಣೆ ಬೇಗ ಕೆಡುತ್ತದೆ. ಬಳಿಕ ನೀರನ್ನು ಚೆನ್ನಾಗಿ ಹಿಂಡಿ ತೆಗೆಯಬೇಕು. ಫ್ರಾನ್ಸಿನಲ್ಲಿ ಉಪ್ಪಿಲ್ಲದ ಬೆಣ್ಣೆಯ ಕೊಬ್ಬಿನಂಶ ಕನಿಷ್ಠ ಶೇ. 82 ಇರಬೇಕೆಂಬ ನಿಯಮವಿದೆ. ನೀರು ಹೆಚ್ಚಿದ ಬೆಣ್ಣೆಯಿಂದ ಬ್ರೆಡ್ಡು ಮೆತ್ತಗಾಗುತ್ತದೆ. ಕೊನೆಗೆ 100 ಗ್ರಾಂ ಬೆಣ್ಣೆಗೆ ಒಂದೂವರೆ ಗ್ರಾಂ ಉಪ್ಪು ಸೇರಿಸಿದರೆ ಸಾಕು.

ಹ್ಯಾಮ್: ಎಚ್ಚರಿಕೆ ಅಗತ್ಯ

ಸಾಂಪ್ರದಾಯಿಕ ಸ್ಯಾಂಡ್‌ವಿಚ್‌ಗೆ ಬಳಸುವುದು 'ಪ್ಯಾರಿಸ್ ಹ್ಯಾಮ್'. ಹಂದಿಯ ಹಿಂದೊಡೆಯ ಮಾಂಸದ ಮೂಳೆ ಬಿಡಿಸಿ, ಉಪ್ಪುನೀರಿನಲ್ಲಿ ಹದಗೊಳಿಸಿ, ಕಡಿಮೆ ಉಷ್ಣದಲ್ಲಿ ನಿಧಾನವಾಗಿ ಬೇಯಿಸಿದ್ದು. ಇದನ್ನು ಮನೆಯಲ್ಲಿ ತಯಾರಿಸುವುದಕ್ಕಿಂತ ನಂಬಿಕೆಯ ಶೀತಲ ಮಾಂಸದ ಮಳಿಗೆಯಲ್ಲಿ ಬೇಯಿಸಿದ ಹ್ಯಾಮನ್ನೇ ಕೊಳ್ಳುವುದು ಕ್ಷೇಮ. ಅದನ್ನು 5 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಇರಿಸಿ, ಪೊಟ್ಟಣ ತೆರೆದ ಮೇಲೆ ಎರಡು-ಮೂರು ದಿನಗಳಲ್ಲಿ ಮುಗಿಸಬೇಕು. ದೀರ್ಘಕಾಲ ವಿದ್ಯುತ್ ಕಡಿತವಾಗಿ ತಂಪು ಕಳೆದುಕೊಂಡ ಹ್ಯಾಮನ್ನು ಬಳಸಬಾರದು. ಲಿಸ್ಟೀರಿಯಾ ಸೋಂಕಿನ ಭಯವಿರುವುದರಿಂದ ಗರ್ಭಿಣಿಯರು ತಣ್ಣನೆಯ ಹ್ಯಾಮ್ ತಿನ್ನದಿರುವುದು ಒಳಿತು.

ಹ್ಯಾಮಿನ ನಸುಗೆಂಪು ಬಣ್ಣಕ್ಕೆ ಸಾಮಾನ್ಯವಾಗಿ ನೈಟ್ರೈಟ್ ಲವಣವೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೀಗಾಗಿ ಇದು ನಿತ್ಯದ ಆಹಾರವಾಗದೆ ಅಪರೂಪದ ತಿನಿಸಾಗಿರುವುದೇ ಲೇಸು.

ಜೋಡಿಸುವ ಕ್ರಮ

ಬೆಣ್ಣೆಯನ್ನು ಸ್ವಲ್ಪ ಮೊದಲೇ ಫ್ರಿಜ್ಜಿನಿಂದ ಹೊರತೆಗೆಯಬೇಕು. ಅದು ಮೃದುವಾಗಬೇಕು, ಕರಗಬಾರದು. ಒಂದು ಬ್ರೆಡ್ಡಿಗೆ 25ರಿಂದ 30 ಗ್ರಾಂ ಬೆಣ್ಣೆಯನ್ನು ಎರಡೂ ಬದಿಗೆ ಅಂಚಿನವರೆಗೆ ಹಚ್ಚಬೇಕು. ಹ್ಯಾಮಿನ ತೇವ ಬ್ರೆಡ್ಡಿಗೆ ಇಳಿಯದಂತೆ ಈ ಪದರವೇ ತಡೆಯುತ್ತದೆ. ಅದರ ಮೇಲೆ 60ರಿಂದ 70 ಗ್ರಾಂ ಹ್ಯಾಮನ್ನು ತೆಳ್ಳಗೆ ಮಡಿಸಿ ಇಡಬೇಕು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಬ್ರೆಡ್ಡಿನ ಗರಿ ಬೇಗನೆ ಇಳಿಯುವುದರಿಂದ ತಿನ್ನುವ ಹೊತ್ತಿಗೇ ಜೋಡಿಸುವುದು ಸೂಕ್ತ.

ಹಲವರು ಇದರೊಂದಿಗೆ ಉಪ್ಪಿನಕಾಯಿಯಂತೆ ಹುಳಿಸಿದ ಕಿರುಸೌತೆಯನ್ನೂ ಸೇರಿಸುತ್ತಾರೆ. ಭಾರತದಲ್ಲಿ ರಫ್ತಿಗಾಗಿ ಈ ಬೆಳೆ ಆರಂಭವಾದದ್ದು 1990ರ ದಶಕದ ಆದಿಯಲ್ಲಿ, ಕರ್ನಾಟಕದಲ್ಲೇ. ಇಂದು ಇಲ್ಲಿನ ಹೊಲಗಳ ಕಿರುಸೌತೆ ಫ್ರಾನ್ಸನ್ನೂ ತಲುಪುತ್ತಿದೆ.

ಮಾಂಸ ವರ್ಜಿಸುವವರಿಗೂ ಫ್ರೆಂಚರಲ್ಲಿ ಒಂದು ಮಾದರಿಯಿದೆ. ಎಳೆಯ ಮೂಲಂಗಿಯನ್ನು ಬೆಣ್ಣೆ, ಉಪ್ಪಿನೊಂದಿಗೆ ಬ್ರೆಡ್ಡಿನ ಜೊತೆ ತಿನ್ನುವುದು ಅಲ್ಲಿನ ಹಳೆಯ ರೂಢಿ. ಅದೇ ಬ್ರೆಡ್ಡು, ಅದೇ ಕಡೆದ ಬೆಣ್ಣೆ; ಹ್ಯಾಮಿನ ಬದಲು ತೆಳ್ಳಗೆ ಹೆಚ್ಚಿದ ಮೂಲಂಗಿಯನ್ನಿಟ್ಟರೆ ಸಸ್ಯಾಹಾರಿಗಳ ಸ್ಯಾಂಡ್‌ವಿಚ್ ಸಿದ್ಧವಾಗುತ್ತದೆ.