ಕಡಲಲ್ಲಿ ಕರಗುವ ಕಾಡು

ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುವ ಮಂಗಳೂರಿನ ಅಳಿವೆ ಬಾಗಿಲಲ್ಲಿ ಮುಂಗಾರಿನ ಮೊದಲ ನೆರೆನೀರು ಕೆಂಪಾಗಿರುತ್ತದೆ. ಅದನ್ನು ಬಾಟಲಿಯಲ್ಲಿ ಹಿಡಿದು ಅಲುಗಾಡಿಸದೆ ಇಟ್ಟರೆ ಕೆಮ್ಮಣ್ಣು ತಳ ಸೇರುತ್ತದೆ. ಮೇಲಿನ ನೀರನ್ನು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ರಂಧ್ರಗಳಿರುವ ಸೋಸುಹಾಳೆಯಲ್ಲಿ ಸೋಸಿ, ಉದ್ದನೆಯ ಗಾಜಿನ ಕೊಳವೆಗೆ ತುಂಬಿ, ಬಿಳಿ ಕಾಗದದ ಮೇಲಿಟ್ಟು ಮೇಲಿನಿಂದ ನೋಡಿದರೆ ತೆಳು ಹಳದಿ ಛಾಯೆ ಕಾಣುತ್ತದೆ. ಚಹಾ ಎಲೆ ಬಿಸಿನೀರಿಗೆ ಬಣ್ಣ ಬಿಡುವಂತೆ, ಪಶ್ಚಿಮಘಟ್ಟದ ತರಗೆಲೆ, ಬೇರು, ಕೊಳೆತ ತೊಗಟೆಗಳು ಮಳೆನೀರಿಗೆ ಬಿಟ್ಟ ಬಣ್ಣವದು. ಇದು ‘ಕರಗಿದ ಸಾವಯವ ವಸ್ತು’ವಿನ ಕಣ್ಣಿಗೆ ಕಾಣುವ ಭಾಗ. ಬಣ್ಣವೇ ಇಲ್ಲದ ಸಕ್ಕರೆ, ಪ್ರೋಟೀನಿನ ಅಂಶಗಳೂ ಅದರೊಂದಿಗೆ ಇರುತ್ತವೆ.

ತೆರೆದ ಕಡಲಿನ ಮೇಲ್ನೀರಿನಲ್ಲಿ ಹೀಗೆ ಕರಗಿರುವ ಸಾವಯವ ಇಂಗಾಲ ಲೀಟರಿಗೆ ಸುಮಾರು 1 ಮಿಲಿಗ್ರಾಂ ಮಾತ್ರ. ಆದರೆ ಜಗತ್ತಿನ ಸಾಗರಗಳಲ್ಲಿರುವುದನ್ನೆಲ್ಲ ಕೂಡಿಸಿದರೆ ಅದು 66,000 ಕೋಟಿ ಟನ್ನಿನಷ್ಟಾಗುತ್ತದೆ. ನದಿಗಳು ವರ್ಷಕ್ಕೆ ಸುಮಾರು 25 ಕೋಟಿ ಟನ್ ತಂದು ಸೇರಿಸುತ್ತವೆ. ಉಷ್ಣವಲಯದ ಕರಾವಳಿಯಲ್ಲಿ ಇದು ಯಾವಾಗ ಬರಬೇಕು, ಎಷ್ಟು ಬರಬೇಕು, ಬಂದದ್ದು ಏನಾಗಬೇಕು ಎನ್ನುವುದನ್ನು ಮಳೆ, ಬಿಸಿಲು, ಗಾಳಿಗಳೇ ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಮೊದಲ ಮಳೆಯ ತೊಳೆತ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಮಳೆ ಶುರುವಾಗುವವರೆಗೆ ಕಾಡಿನ ನೆಲದಲ್ಲಿ ತರಗೆಲೆ, ತೋಟದಲ್ಲಿ ಸೊಪ್ಪು ಗೊಬ್ಬರ, ಊರಿನ ತೋಡುಗಳಲ್ಲಿ ಕೊಳಚೆ ಸೇರುತ್ತಲೇ ಇರುತ್ತವೆ.

ಹದವಾದ ಮಳೆಯ ನೀರು ಮುರಕಲ್ಲಿನ ಮಣ್ಣಿನೊಳಕ್ಕೆ ಇಂಗುತ್ತದೆ. ಆ ಮಣ್ಣಿನಲ್ಲಿ ಹೇರಳವಾಗಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ನೀರಿನಲ್ಲಿ ಕರಗಿದ ಸಾವಯವ ಅಂಶವನ್ನು ಹಿಡಿದುಕೊಳ್ಳುತ್ತವೆ. ಜಡಿಮಳೆಗೆ ಇಂಗಲು ಪುರುಸೊತ್ತಿಲ್ಲ. ನೀರು ತರಗೆಲೆಯ ಪದರದಲ್ಲೇ ಹರಿದು, ಅಲ್ಲಿನ ಕಷಾಯವನ್ನೆಲ್ಲ ಹೊತ್ತು ನೇರವಾಗಿ ಹೊಳೆ ಸೇರುತ್ತದೆ. ಹೀಗಾಗಿ ಮೊದಲ ಜೋರು ಮಳೆಗಳಲ್ಲಿ ಹೊಳೆನೀರು ದಟ್ಟವಾಗಿರುತ್ತದೆ. ಆಟಿಯ (ಜುಲೈ–ಆಗಸ್ಟ್) ಹೊತ್ತಿಗೆ ಹರಿವು ಎಷ್ಟೇ ಹೆಚ್ಚಿದರೂ, ತೊಳೆದುಹೋಗಲು ಉಳಿದದ್ದು ಕಡಿಮೆಯಾದ್ದರಿಂದ ನೀರು ತೆಳುವಾಗುತ್ತದೆ.

ಈ ಲೆಕ್ಕವನ್ನು ಚಂಡಮಾರುತ ತಲೆಕೆಳಗು ಮಾಡಬಲ್ಲದು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಗೆ ಮುಂಗಾರಿಗಿಂತ ಮೊದಲೇ ಭಾರೀ ಮಳೆ ತಂದಿತು. ಅಂಥ ಹೊತ್ತಿನಲ್ಲಿ ನೆಲ ತೊಳೆಯುವುದರ ಜೊತೆಗೆ ದೊಡ್ಡ ಅಲೆಗಳು ಕಡಲತಳದ ಕೆಸರನ್ನೂ ಕದಡುತ್ತವೆ. ಕೆಸರಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಕರಗಿದ ವಸ್ತು ಮೇಲೆ ಬರುತ್ತದೆ.

ಉಪ್ಪು, ಮೋಡ, ಬಿಸಿಲು

ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿಗೆ ಬೆರೆಯುತ್ತಿದ್ದಂತೆ ಕರಗಿದ ವಸ್ತುವಿನ ಒಂದು ಸಣ್ಣ ಪಾಲು ಕಬ್ಬಿಣದೊಂದಿಗೆ ಗರಣೆಗಟ್ಟಿ ತಳಕ್ಕಿಳಿಯುತ್ತದೆ. ಮಿಕ್ಕದ್ದು ಕಡಲಿಗೆ ಸಾಗುತ್ತದೆ. ಅದರ ಹಳದಿ ಬಣ್ಣ ನೀಲಿ ಬೆಳಕನ್ನೂ ನೇರಳಾತೀತ ಕಿರಣಗಳನ್ನೂ ಹೀರುತ್ತದೆ. ಮೊದಲೇ ಮೋಡ ಕವಿದ ದಿನಗಳು. ಅದರ ಮೇಲೆ ಈ ಪರದೆಯೂ ಬಿದ್ದರೆ ಸಸ್ಯಪ್ಲವಕಗಳಿಗೆ, ಎಂದರೆ ಮೀನಿನ ಆಹಾರಸರಪಳಿಯ ಬುಡದಲ್ಲಿರುವ ಸೂಕ್ಷ್ಮ ಸಸ್ಯಗಳಿಗೆ, ಸಿಗುವ ಬೆಳಕು ಇನ್ನೂ ತಗ್ಗುತ್ತದೆ.

ಮಳೆ ಬಿಟ್ಟು ಬಿಸಿಲು ಏರಿದಾಗ ಚಿತ್ರ ಬದಲಾಗುತ್ತದೆ. ನೇರಳಾತೀತ ಕಿರಣಗಳು ದೊಡ್ಡ ಅಣುಗಳನ್ನು ಒಡೆಯುತ್ತವೆ. ಬಣ್ಣ ಮಾಸುತ್ತದೆ. ಒಂದಿಷ್ಟು ಇಂಗಾಲ ನೇರವಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇನ್ನೊಂದಿಷ್ಟು ಬ್ಯಾಕ್ಟೀರಿಯಾಗಳು ತಿನ್ನಬಲ್ಲ ಸಣ್ಣ ತುಣುಕುಗಳಾಗುತ್ತದೆ. ಬ್ಯಾಕ್ಟೀರಿಯಾವನ್ನು ಏಕಕೋಶ ಜೀವಿಗಳು, ಅವನ್ನು ಪ್ರಾಣಿಪ್ಲವಕಗಳು ತಿನ್ನುತ್ತವೆ. ಘಟ್ಟದ ಎಲೆಯ ಸಾರದಲ್ಲಿ ಒಂದಂಶ ಹೀಗೆ ಕಡಲ ಜೀವಿಗಳ ಮೈ ಸೇರುತ್ತದೆ.

ಗಾಳಿ ಎತ್ತುವ ತಳದ ನೀರು

ಮುಂಗಾರಿನ ಗಾಳಿ ಮೇಲ್ನೀರನ್ನು ದಡದಿಂದ ಆಚೆಗೆ ಸರಿಸಿದಾಗ, ಆ ಜಾಗಕ್ಕೆ ಆಳದ ತಂಪು ನೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶದಿಂದ ಸಸ್ಯಪ್ಲವಕ ಹುಲುಸಾಗಿ ಬೆಳೆದು, ಹೊಸದಾಗಿ ಕರಗಿದ ವಸ್ತುವನ್ನು ನೀರಿಗೆ ಬಿಡುತ್ತದೆ. ಇದು ಬ್ಯಾಕ್ಟೀರಿಯಾಗಳಿಗೆ ಬೇಗ ಜೀರ್ಣವಾಗುವಂಥದ್ದು. ಹಾಗೆ ತಿಂದು ಅರಗಿಸುವಾಗ, ತಳಕ್ಕಿಳಿದ ಜೀವಿಗಳು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಮೇಲೆ ತೇಲುವ ಮಳೆನೀರಿನ ಹಗುರ ಪದರವು ಗಾಳಿಯ ಆಮ್ಲಜನಕವನ್ನು ಕೆಳಗಿಳಿಯಗೊಡದು. ಹೀಗಾಗಿ ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಆಮ್ಲಜನಕದ ಅಭಾವ ತೀವ್ರವಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ಇದನ್ನು ಜಗತ್ತಿನ ಗಮನಕ್ಕೆ ತಂದರು.

ಹೊಳೆ ತಂದ ಈ ಬಣ್ಣದೊಂದಿಗೆ ಮೀನುಗಾರರಿಗೂ ನೇರ ನಂಟಿದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆ ನೀಡಲು ಉಪಗ್ರಹಗಳು ಅಳೆದ ಕಡಲಿನ ಬಣ್ಣವನ್ನೂ ಬಳಸುತ್ತದೆ. ಸಸ್ಯಪ್ಲವಕದ ಹಸಿರು, ಹೊಳೆ ತಂದ ಹಳದಿ ಎರಡೂ ನೀಲಿ ಬೆಳಕನ್ನೇ ಹೀರುವುದರಿಂದ ದಡದ ಸಮೀಪ ಒಂದನ್ನು ಇನ್ನೊಂದೆಂದು ತಪ್ಪಾಗಿ ಎಣಿಸುವ ಸಾಧ್ಯತೆಯಿದೆ. ಮೋಡ ಕವಿದರಂತೂ ಇಂಥ ಉಪಗ್ರಹಕ್ಕೆ ಕಡಲೇ ಕಾಣದು. ಆದ್ದರಿಂದ ದೋಣಿಯಲ್ಲಿ ಹೋಗಿ ನೀರು ಹಿಡಿದು ಅಳೆಯುವ ಕೆಲಸ ನಿಲ್ಲಬಾರದು. ತಿಂಗಳಿಗೊಮ್ಮೆ ಹಿಡಿದರೂ ಸಾಲದು. ಮೊದಲ ನೆರೆ ಬಂದ ದಿನಗಳಲ್ಲೇ ಹಿಡಿಯಬೇಕು.

ಮಳೆ ಯಾವಾಗ ಬರಬೇಕು ಎನ್ನುವುದು ನಮ್ಮ ಕೈಯಲ್ಲಿಲ್ಲ. ಅದು ಬಂದಾಗ ತೊಳೆದೊಯ್ಯಲು ನೆಲದ ಮೇಲೆ ಏನಿರಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಕಾಡಿನ ಎಲೆಯ ಸಾರವನ್ನು ಅರಗಿಸಿಕೊಳ್ಳುವುದು ಕಡಲಿಗೆ ಎಂದಿನಿಂದಲೂ ರೂಢಿ. ಊರಿನ ಕೊಳಚೆ ಹಾಗಲ್ಲ; ಅದು ಆಮ್ಲಜನಕಕ್ಕೆ ಮೊದಲೇ ತತ್ವಾರವಿರುವ ನೀರಿಗೆ ಹೊಸ ಹೊರೆ. ತೋಡುಗಳ ಹೂಳೆತ್ತಿ, ಕೊಳಚೆ ಸಂಸ್ಕರಿಸುವ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಮೊದಲ ಮಳೆ ಬಿದ್ದ ಮೇಲೆ ಮಾಡುವ ಸ್ವಚ್ಛತೆಯಿಂದ ಊರಿಗೆ ಉಪಯೋಗವಾದೀತು, ಕಡಲಿಗೆ ಆಗದು.